ಗುರಿ ನಿಂತಲ್ಲಿ ನಿಲ್ಲುವುದಿಲ್ಲ

ಪಿತ್ತನಾಳದ ಕ್ಯಾನ್ಸರ್ ಎಂದು ಗೊತ್ತಾದ ಮನೆಗೆ ಈಗ ಒಂದು ಸಮಾಧಾನದ ಮಾತು ಬಂದು ಸೇರುತ್ತದೆ: ಜೀನ್ ಪರೀಕ್ಷೆ ಮಾಡಿಸಿ, ದೋಷ ಸಿಕ್ಕರೆ ಅದಕ್ಕೆ ತಕ್ಕ ಗುಳಿಗೆ ಇದೆ, ಬೀಗಕ್ಕೆ ಕೀಲಿ ಸಿಕ್ಕ ಹಾಗೆ. ಪರೀಕ್ಷೆ ಮಾಡಿಸಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ. ತಕರಾರಿರುವುದು ಬೀಗ–ಕೀಲಿಯ ಹೋಲಿಕೆಯಲ್ಲಿ. ಬೀಗ ತಾನಾಗಿ ಬದಲಾಗುವುದಿಲ್ಲ. ಕ್ಯಾನ್ಸರ್ ಬದಲಾಗುತ್ತದೆ.

ಯಕೃತ್ತಿನ ಒಳಗಿನ ಪಿತ್ತನಾಳಗಳಲ್ಲಿ ಹುಟ್ಟುವ ಕ್ಯಾನ್ಸರಿನಲ್ಲಿ ಸುಮಾರು ಶೇ. 10ರಿಂದ 15 ರೋಗಿಗಳಿಗೆ ಎಫ್‌ಜಿಎಫ್‌ಆರ್2 ಎಂಬ ಜೀನ್ ಬೇರೊಂದು ಜೀನಿಗೆ ಬೆಸೆದುಕೊಂಡಿರುತ್ತದೆ. ಇಂಥವರಿಗಾಗಿ ಪೆಮಿಗಾಟಿನಿಬ್ ಗುಳಿಗೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಪ್ರಯೋಗದಲ್ಲಿದ್ದ 107 ಮಂದಿಯಲ್ಲಿ ಸುಮಾರು ಶೇ. 36 ಮಂದಿಗೆ ಗಡ್ಡೆ ಕುಗ್ಗಿತು. ಎಲ್ಲರ ಬಾಯಲ್ಲಿ ಉಳಿದದ್ದು ಈ ಅಂಕಿ. ರೋಗ ಮತ್ತೆ ತಲೆಯೆತ್ತುವವರೆಗೆ ಸಿಕ್ಕ ಬಿಡುವಿನ ಮಧ್ಯಾಂಕ 6.9 ತಿಂಗಳು. ಅಂದರೆ ಅರ್ಧದಷ್ಟು ಜನರಿಗೆ ಏಳು ತಿಂಗಳೂ ಸಿಗಲಿಲ್ಲ.

ಯಾಕೆ ಹೀಗೆ? ಹತ್ತಿ ಬೆಳೆಯುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಟಿ ಹತ್ತಿಯ ವಿಷಕ್ಕೆ ಬಗ್ಗದ ಕೆಲವೇ ಗುಲಾಬಿ ಕಾಯಿಕೊರಕಗಳು ಉಳಿದು, ಅವುಗಳ ಸಂತತಿಯೇ ಹೊಲ ತುಂಬಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಗಡ್ಡೆಯೊಳಗೂ ಆಗುವುದು ಅದೇ. ಗುಳಿಗೆ ಹೋಗಿ ಕೂರುವುದು ಎಫ್‌ಜಿಎಫ್‌ಆರ್2 ಪ್ರೋಟೀನಿನ ಒಂದು ಪುಟ್ಟ ಗುಳಿಯಲ್ಲಿ. ಆ ಗುಳಿಯ ಬಾಗಿಲಲ್ಲಿ, 564ನೆಯ ಸ್ಥಾನದಲ್ಲಿ, ವ್ಯಾಲಿನ್ ಬದಲು ದಪ್ಪನೆಯ ಫಿನೈಲ್‌ಅಲನಿನ್ ಬಂದು ಕೂತರೆ ಗುಳಿಗೆಗೆ ಒಳಗೆ ಜಾಗವಿಲ್ಲ. 2017ರಲ್ಲಿ ಸಂಶೋಧಕಿ ಲಿಪಿಕಾ ಗೋಯಲ್ ಮತ್ತು ಸಂಗಡಿಗರು, ಇದೇ ಗುರಿಯ ಇನ್ನೊಂದು ಔಷಧವಾದ ಇನ್‌ಫಿಗ್ರಾಟಿನಿಬ್ ತೆಗೆದುಕೊಂಡು ರೋಗ ಮರುಕಳಿಸಿದ ಮೂವರ ರಕ್ತದಲ್ಲಿ ಈ ಬದಲಾವಣೆಯನ್ನು ಕಂಡರು. ಇಬ್ಬರಲ್ಲಿ ಇನ್ನೂ ಹಲವು ಬದಲಾವಣೆಗಳು ಜೊತೆಗಿದ್ದವು. ಒಂದೇ ದೇಹದ ಬೇರೆ ಬೇರೆ ಗಡ್ಡೆಗಳಲ್ಲಿ ಬೇರೆ ಬೇರೆ ಮ್ಯುಟೇಶನ್! ಸೂಜಿ ಚುಚ್ಚಿ ಒಂದು ಜಾಗದಿಂದ ತೆಗೆದ ಚೂರು ಇಡೀ ಕತೆ ಹೇಳೀತೆಂದು ನಂಬುವುದು ಹೇಗೆ?

ಆದ್ದರಿಂದ ಔಷಧಕ್ಕೆ ರೋಗ ಬಗ್ಗದಾಗುವುದನ್ನು ರೋಗಿಯ ದುರದೃಷ್ಟ ಎನ್ನುವುದು ತಪ್ಪು. ಅದು ಈ ಚಿಕಿತ್ಸೆಯ ಒಳಗೇ ಇರುವ, ಮೊದಲ ದಿನವೇ ಎಣಿಸಿಕೊಳ್ಳಬೇಕಾದ ಘಟ್ಟ.

ಗಡ್ಡೆ ಎಷ್ಟು ಕುಗ್ಗಿತು ಎಂಬ ಅಳತೆಗೋಲೂ ಸಾಲದು. ಇದೇ ಕ್ಯಾನ್ಸರಿನಲ್ಲಿ ಐಡಿಎಚ್1 ಎಂಬ ಇನ್ನೊಂದು ಜೀನಿನ ದೋಷಕ್ಕೆ ಕೊಡುವ ಐವೊಸಿಡೆನಿಬ್‌ನಿಂದ ಗಡ್ಡೆ ಕುಗ್ಗಿದ್ದು ಶೇ. 2ರಷ್ಟು ಜನರಲ್ಲಿ ಮಾತ್ರ. ಆದರೂ ಹುಸಿಗುಳಿಗೆ ಪಡೆದವರಲ್ಲಿ 1.4 ತಿಂಗಳಿದ್ದ ಬಿಡುವು ಅದನ್ನು ಪಡೆದವರಲ್ಲಿ 2.7 ತಿಂಗಳಾಯಿತು. ಲಾಭ ಸಣ್ಣದು, ಆದರೆ ಎದುರಿಗೆ ಹೋಲಿಕೆಯಿಟ್ಟು ಸಾಬೀತಾದದ್ದು. ಇನ್‌ಫಿಗ್ರಾಟಿನಿಬ್‌ನ ಕತೆ ತಿರುಗುಮುರುಗು: ಗಡ್ಡೆ ಕುಗ್ಗಿದ ಅಂಕಿಯ ಬಲದಿಂದಲೇ 2021ರಲ್ಲಿ ತ್ವರಿತ ಒಪ್ಪಿಗೆ ಪಡೆದು, ದೃಢೀಕರಣದ ಪ್ರಯೋಗಕ್ಕೆ ಸಾಕಷ್ಟು ರೋಗಿಗಳು ಸಿಗದೆ ಕೊನೆಗೆ ಮಾರುಕಟ್ಟೆಯಿಂದಲೇ ಹೊರಟುಹೋಯಿತು.

ಹಾಗಾದರೆ ಈ ಗುಳಿಗೆಗಳೆಲ್ಲ ದುಡ್ಡು ದಂಡವೇ? ಹಾಗೆನ್ನುವವರ ಮಾತನ್ನೂ ಒಪ್ಪಲಾರೆ. ಎಫ್‌ಜಿಎಫ್‌ಆರ್2 ಪ್ರೋಟೀನಿಗೆ ಬಿಡಿಸಲಾಗದಂತೆ ಅಂಟಿಕೊಳ್ಳುವ ಫ್ಯೂಟಿಬಾಟಿನಿಬ್, ಮೊದಲಿನ ಗುಳಿಗೆ ಸೋತ ಕೆಲವರಲ್ಲಿ ಮತ್ತೆ ಕೆಲಸ ಮಾಡಿದೆ. ಅದಕ್ಕೂ ಬಗ್ಗದ ಮ್ಯುಟೇಶನ್‌ಗಳಿವೆ. ಹಾಗಾಗಿ ಯಾವುದು ಯಾರಿಗೆ ಎಂದು ತಿಳಿಯಲು, ರೋಗ ಮರುಕಳಿಸಿದಾಗ ಮತ್ತೆ ಪರೀಕ್ಷೆ ಆಗಲೇಬೇಕು. ಮೊದಲ ವರದಿಯನ್ನೇ ಕೊನೆಯವರೆಗೂ ಫೈಲಿನಲ್ಲಿಟ್ಟುಕೊಂಡು ಓಡಾಡಿದರೆ ಹಳೆಯ ಶತ್ರುವಿನ ಚಿತ್ರ ಹಿಡಿದು ಹೊಸಬನನ್ನು ಹುಡುಕಿದಂತಾಗುತ್ತದೆ.

ನಿಮ್ಮ ಮನೆಯಲ್ಲಿ ಈ ಕಾಯಿಲೆ ಇದ್ದರೆ, ಗುಳಿಗೆ ಶುರುವಾಗುವ ದಿನವೇ ವೈದ್ಯರನ್ನು ಕೇಳಿ: ಇದು ಕೆಲಸ ನಿಲ್ಲಿಸಿದಾಗ ರಕ್ತದಲ್ಲಿ ಮತ್ತೆ ಜೀನ್ ಪರೀಕ್ಷೆ ಮಾಡಿಸುತ್ತೀರಾ, ಅದರ ನಂತರದ ದಾರಿ ಯಾವುದು?