ಚೋರಶಾಸ್ತ್ರವೂ ಬಾಲಕನ ಪ್ರಶ್ನೆಯೂ: ವಿದ್ಯುಚ್ಚೋರನ ಕಥೆ ಮತ್ತು ‘ಉಚಲ್ಯಾ’

ಬಾದಾಮಿಯ ಸಮೀಪದಲ್ಲಿ, ಮಲಪ್ರಭಾ ನದಿಯ ದಂಡೆಯ ಮೇಲೆ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದರು. ವಟುಗಳನ್ನು ಎಳೆವಯಸ್ಸಿನಲ್ಲಿಯೇ ತಂದು, ವಿದ್ಯೆಯನ್ನೂ ಸಂಸ್ಕಾರವನ್ನೂ ಕೊಟ್ಟು ಬೆಳೆಯಿಸುವುದು ಆ ಸಂಸ್ಥೆಯ ಉದ್ದೇಶವಾಗಿತ್ತು. ಗದಿಗೆಯ್ಯನೆಂಬ ಅಂಧ ಬಾಲಕನಲ್ಲಿ ಅಡಗಿದ್ದ ಸಂಗೀತ ಪ್ರತಿಭೆಯನ್ನು ಗುರುತಿಸಿದವರೂ ಆ ಸ್ವಾಮಿಗಳೇ. ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧನಾದನು.

ಅದೇ ಕಾಲದ ಆಸುಪಾಸಿನಲ್ಲಿ, ಅದೇ ಬಿಜಾಪುರ ಸೀಮೆಯಲ್ಲಿ, ಮಕ್ಕಳನ್ನು ಕುರಿತು ಇನ್ನೊಂದು ಬಗೆಯ ವಿಚಾರವೂ ಕೆಲಸ ಮಾಡುತ್ತಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಕೆಲವು ಜಾತಿಗಳವರನ್ನು ಹುಟ್ಟಿನಿಂದಲೇ ಕಳ್ಳರೆಂದು ಎಣಿಸಿತು. 1911 ಮತ್ತು 1924ರ ಕಾಯಿದೆಗಳು ಈ ಕಟ್ಟಳೆಯನ್ನು ಮತ್ತಷ್ಟು ಬಿಗಿಗೊಳಿಸಿದವು. ಬಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ತಂತಿಬೇಲಿಯ ಸೆಟ್ಲಮೆಂಟುಗಳು ಎದ್ದವು. ಅಲ್ಲಿ ಹಾಜರಿ, ಬೆರಳಚ್ಚು ಮತ್ತು ಪರವಾನಗಿಯ ಚೀಟಿಗಳಲ್ಲಿ ಜನರ ಜೀವನ ಸಾಗಿತು. ತಂದೆತಾಯಿಗಳಿಂದ ಮಕ್ಕಳನ್ನು ಅಗಲಿಸುವ ಅಧಿಕಾರವನ್ನೂ ಕಾಯಿದೆಯು ಸರಕಾರಕ್ಕೆ ಕೊಟ್ಟಿತ್ತು. ಒಂದು ಕಡೆ, ಬಾಲಕನಲ್ಲಿ ಏನು ಅಡಗಿದೆಯೆಂದು ಹುಡುಕುವ ದೃಷ್ಟಿ. ಇನ್ನೊಂದು ಕಡೆ, ಅದು ಹುಡುಕುವ ಮೊದಲೇ ತಿಳಿದುಹೋಗಿದೆಯೆಂಬ ನಿಶ್ಚಯ.

ಕಳವಿನ ನಡುವೆ ಬೆಳೆದ ಬುದ್ಧಿವಂತ ಹುಡುಗನು ತನ್ನ ಬೆಳವಣಿಗೆಯನ್ನೇ ಪ್ರಶ್ನಿಸಿದರೆ ಏನಾಗುವುದು? ಸಾಹಿತ್ಯವು ಇದಕ್ಕೆ ಕೊಟ್ಟ ಎರಡು ಉತ್ತರಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲನೆಯದು ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಹತ್ತನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸಲಾಗುವ ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ವಿದ್ಯುಚ್ಚೋರನ ಕಥೆಯೂ ಒಂದು. ಅರಸುಮಗನಾದ ವಿದ್ಯುಚ್ಚೋರನೂ ತಳಾರನ ಮಗನಾದ ಯಮದಂಡನೂ ಬಾಲ್ಯದ ಗೆಳೆಯರು, ಒಬ್ಬನೇ ಗುರುವಿನ ಶಿಷ್ಯರು. ಒಬ್ಬನು ಕದಿಯುವ ಶಾಸ್ತ್ರವನ್ನು ಕಲಿತರೆ ಇನ್ನೊಬ್ಬನು ಕಳ್ಳರನ್ನು ಹಿಡಿಯುವ ಶಾಸ್ತ್ರವನ್ನು ಕಲಿಯುತ್ತಾನೆ. ಗೆಳೆಯನು ಕಾವಲಿರುವ ಊರಿನಲ್ಲಿಯೇ ಕದ್ದು ತೋರಿಸುವೆನೆಂದು ಅರಸುಮಗನು ಪ್ರತಿಜ್ಞೆ ಮಾಡುತ್ತಾನೆ. ಬೆಳೆದ ಮೇಲೆ ಮಿಥಿಲೆಗೆ ಹೋಗಿ, ಹಗಲೆಲ್ಲ ಕುಷ್ಠರೋಗಿಯ ವೇಷದಲ್ಲಿದ್ದು, ಅರಸನ ಹಾರವನ್ನೇ ಕದಿಯುತ್ತಾನೆ. ಸಿಕ್ಕಿಬಿದ್ದಾಗ ಘೋರ ಹಿಂಸೆಗಳನ್ನೆಲ್ಲ ಸಹಿಸಿ, ಕೊನೆಗೆ ಅರಸನು ಕೇಳಲಾಗಿ ನಿಜವನ್ನು ನುಡಿದು, ತನ್ನನ್ನು ಹಿಡಿದ ಗೆಳೆಯನ ಕ್ಷೇಮವನ್ನೇ ಬೇಡುತ್ತಾನೆ. ಮುಂದೆ ವಿರಕ್ತನಾಗಿ ದೀಕ್ಷೆಯನ್ನು ತಳೆಯುತ್ತಾನೆ.

ಕಳ್ಳನೂ ಋಷಿಯಾಗಬಹುದೆಂಬುದೇ ಈ ಕಥೆಯ ನೀತಿಯೆಂದು ತರಗತಿಯಲ್ಲಿ ಹೇಳಿಬಿಡುವುದು ಸುಲಭ. ಆದರೆ ಇಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಕಳವು ಇಲ್ಲಿ ಹೊಟ್ಟೆಪಾಡಲ್ಲ, ಒಂದು ವಿದ್ಯೆ. ಅದನ್ನು ಕಲಿತವನು ಹಸಿದವನಲ್ಲ, ರಾಜ್ಯಕ್ಕೆ ಬಾಧ್ಯನಾದವನು. ಆದುದರಿಂದ ಅದನ್ನು ಬಿಡುವಾಗಲೂ ಅವನಿಗೆ ಕಷ್ಟವಿಲ್ಲ. ಎರಡನೆಯದಾಗಿ, ತಾನು ಕಲಿತದ್ದು ಸರಿಯೇ ತಪ್ಪೇ ಎಂಬ ಪ್ರಶ್ನೆಯು ಬಾಲಕನಾದ ವಿದ್ಯುಚ್ಚೋರನಿಗೆ ಏಳುವುದೇ ಇಲ್ಲ. ಅವನ ವೈರಾಗ್ಯವು ಸಂಸಾರವನ್ನು ಕುರಿತದ್ದು, ಚೋರಶಾಸ್ತ್ರವನ್ನು ಕುರಿತದ್ದಲ್ಲ. ಹೀಗಿದ್ದರೂ ಕಥೆಗಾರನಲ್ಲಿ ಒಂದು ಔದಾರ್ಯವುಂಟು. ಅವನು ಕಳ್ಳನಿಗೆ ತನ್ನ ಬಾಲ್ಯವನ್ನು ತನ್ನ ಬಾಯಿಂದಲೇ ಹೇಳುವ ಅವಕಾಶವನ್ನು ಕೊಟ್ಟಿದ್ದಾನೆ. ಸಿಂಹಾಸನದ ಮೇಲಿರುವವನು ಅದನ್ನು ಕೇಳುತ್ತಾನೆ. 1871ರ ಶಾಸನಕರ್ತರಿಗೆ ಈ ಔದಾರ್ಯವಿರಲಿಲ್ಲ.

ಎರಡನೆಯ ಕೃತಿಯು ನೆರೆಯ ಮರಾಠಿಯದು. ಲಕ್ಷ್ಮಣ ಗಾಯಕವಾಡರ ಆತ್ಮಕಥೆ ‘ಉಚಲ್ಯಾ’ 1987ರಲ್ಲಿ ಪ್ರಕಟವಾಗಿ, 1988ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ನಮ್ಮ ಬೀದರ ಜಿಲ್ಲೆಗೆ ಹೊಂದಿದ ಲಾತೂರ ಸೀಮೆಯ ಧನೇಗಾವ ಲೇಖಕರ ಊರು. ಇದೇ ಬಳಗದವರನ್ನು ನಮ್ಮ ಕಡೆ ಗಂಟಿಚೋರರೆಂದು ಕರೆಯುವುದುಂಟು. ಇಲ್ಲಿ ಕಳವನ್ನು ಕಲಿಸುವ ಗುರು ಶ್ಲೋಕ ಹೇಳಿಕೊಡುವುದಿಲ್ಲ. ಸಿಕ್ಕಿಬಿದ್ದಾಗ ಜೊತೆಯವರ ಹೆಸರನ್ನು ಬಾಯಿಬಿಡದಂತೆ ಮಕ್ಕಳನ್ನು ಹೊಡೆದು ಗಟ್ಟಿ ಮಾಡುತ್ತಾನೆ. ವಿದ್ಯುಚ್ಚೋರನಿಗೆ ಹಿಂಸೆಯು ಧೈರ್ಯದ ಪರೀಕ್ಷೆಯಾದರೆ ಈ ಮಕ್ಕಳಿಗೆ ಅದೇ ಮೊದಲ ಪಾಠ.

ಈ ಬಾಲಕನಿಗೆ ತಂದೆಯು ಶಾಲೆಯ ದಾರಿ ತೋರಿಸುತ್ತಾನೆ. ಪ್ರಶ್ನೆಯು ಹುಟ್ಟುವುದೂ ಆ ದಾರಿಯಲ್ಲಿಯೇ. ಶಾಲೆಯ ನೀತಿಗೂ ಮನೆಯ ಒಲೆಗೂ ಹೊಂದಿಕೆಯಿಲ್ಲ: ಅಣ್ಣಂದಿರು ಕದ್ದು ತಂದರೆ ಮಾತ್ರ ಒಲೆ ಉರಿಯುವುದು. ಹೀಗಿರುವಾಗ ಕಳವನ್ನು ತಪ್ಪೆನ್ನುವುದು ಅನ್ನವಿಕ್ಕಿದವರನ್ನೇ ತಪ್ಪೆಂದಂತೆ. ಇತ್ತ ಊರಿನವರಾದರೂ ಅವನನ್ನು ಸ್ವಾಗತಿಸಿದರೇ? ಊರ ಮಕ್ಕಳಿಗೆ ವಾಂತಿಭೇದಿಯಾದಾಗ, ಆ ಹುಡುಗನು ಶಾಲೆಗೆ ಬಂದುದೇ ಕಾರಣವೆಂದರು. ಕದ್ದರೆ ಕಳ್ಳ, ಕಲಿತರೆ ಅನಿಷ್ಟ. ಈ ಇಕ್ಕಟ್ಟಿನಿಂದಾಗಿ ಬಾಲಕನ ಪ್ರಶ್ನೆಯು ಎರಡು ಮುಖಗಳನ್ನು ಪಡೆಯುತ್ತದೆ. ನಾವೇಕೆ ಕದಿಯುತ್ತೇವೆ ಎಂಬುದು ಒಂದು. ಕದಿಯದೆ ಬದುಕಲು ನಮಗೆ ಬಾಗಿಲು ತೆರೆದವರಾರು ಎಂಬುದು ಇನ್ನೊಂದು. ಈ ಎರಡನೆಯ ಪ್ರಶ್ನೆಯಿಂದಲೇ ‘ಉಚಲ್ಯಾ’ ಪಶ್ಚಾತ್ತಾಪದ ಕಥೆಯಾಗದೆ ಸಮಾಜದ ವಿಚಾರಣೆಯಾಗಿದೆ.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಗಿರಣಿಯ ಕೆಲಸ, ಕಾರ್ಮಿಕರ ಸಂಘಟನೆ ಮೊದಲಾದವುಗಳನ್ನು ಹೇಳುವ ಉತ್ತರಾರ್ಧದಲ್ಲಿ ಘಟನೆಗಳು ಒಂದರ ಮೇಲೊಂದು ಬಂದು ನಿರೂಪಣೆಯು ವರದಿಯಂತಾಗುತ್ತದೆ. ಬಾಲ್ಯದ ಭಾಗದಲ್ಲಿ ಲೇಖಕನು ವ್ಯಾಖ್ಯಾನಿಸದೆ ಕಂಡುದನ್ನು ಮಾತ್ರ ಹೇಳುತ್ತಾನೆ. ಕೃತಿಯ ಬಲವಿರುವುದು ಅಲ್ಲಿ. ಕಲಾದೃಷ್ಟಿಯಿಂದ ನೋಡಿದರೆ ವಿದ್ಯುಚ್ಚೋರನ ಕಥೆಯ ಬಂಧವೇ ಹೆಚ್ಚು ಅಚ್ಚುಕಟ್ಟಾದುದು. ಆದರೆ ಆ ಅಚ್ಚುಕಟ್ಟಿಗೆ ಒಂದು ಕಾರಣವೂ ಇದೆ: ಅಲ್ಲಿ ನಾಯಕನು ಹಿಂದಿರುಗಲು ಒಂದು ಅರಮನೆಯಿದೆ. ‘ಉಚಲ್ಯಾ’ದ ಹುಡುಗನಿಗೆ ಹಿಂದಿರುಗುವ ಮನೆಯೇ ಪ್ರಶ್ನೆಯಾಗಿದೆ.

ಇತಿಹಾಸದ ಅಧ್ಯಾಪಕನಾದ ನನಗೆ ಈ ಕೃತಿಯು ಇನ್ನೊಂದು ಕಾರಣದಿಂದ ಬೆಲೆಯುಳ್ಳದ್ದು. ಅಪರಾಧಿ ಬುಡಕಟ್ಟುಗಳ ಕಾಯಿದೆ 1952ರ ಆಗಸ್ಟ್ 31ರಂದು ರದ್ದಾಯಿತು. ಹಾಜರಿ ಪುಸ್ತಕಗಳನ್ನೂ ಅಧಿಕಾರಿಗಳ ವರದಿಗಳನ್ನೂ ನಾವು ಆಧಾರಗಳೆಂದು ಬಳಸುತ್ತೇವೆ. ಅವುಗಳಲ್ಲಿ ಮಗುವು ಒಂದು ಸಂಖ್ಯೆ. ಅದರ ಪ್ರಶ್ನೆಗೆ ಅಲ್ಲಿ ಅಂಕಣವಿಲ್ಲ. ಇಂತಹ ಆತ್ಮಕಥೆಯನ್ನು ಆ ದಾಖಲೆಗಳ ಪಕ್ಕದಲ್ಲಿಟ್ಟು ಓದದಿದ್ದರೆ, ಸೆಟ್ಲಮೆಂಟಿನ ಇತಿಹಾಸವನ್ನು ನಾವೂ ಬೇಲಿಯ ಹೊರಗಿನಿಂದಲೇ ಬರೆದಂತಾಗುವುದು.

ಅಂಧ ಬಾಲಕನೊಬ್ಬನಿಗೆ, ಅವನ ಕಂಠವನ್ನು ಕೇಳುವ ಗುರುವೊಬ್ಬರು ದೊರೆತರು. ಬಿಜಾಪುರದ ಬೇಲಿಯೊಳಗೆ ಎಷ್ಟು ಕಂಠಗಳಿದ್ದುವೋ ಯಾರು ಬಲ್ಲರು? ಇಂದು ನಮ್ಮ ಕಾಲೇಜುಗಳ ಹಿಂದಿನ ಸಾಲಿನಲ್ಲಿ ಆ ಮನೆತನಗಳ ಮೊಮ್ಮಕ್ಕಳು ಕುಳಿತಿರಬಹುದು. ಹಾಜರಿ ಕರೆಯುವ ಕೆಲಸ ಈಗ ನಮ್ಮದು. ಅವರ ಹೆಸರನ್ನು ಕರೆದು ಮುಗಿಸಿದ ಮೇಲೆ ಅವರ ಪ್ರಶ್ನೆಯನ್ನೂ ಕೇಳುವೆವೇ ಎಂಬುದನ್ನು ನಾವೇ ವಿಚಾರ ಮಾಡಬೇಕಾಗಿದೆ.