ಗಡಿಯಾರ ಬರೆದ ನಿದ್ದೆ

ಬೆಳಿಗ್ಗೆ ಎದ್ದು ಕೂತಾಗ ಅಮ್ಮ ಕೇಳಿದಳು, 'ರಾತ್ರಿ ನಿದ್ದೆ ಬಂತೇನೋ?' ಉತ್ತರಿಸುವ ಮೊದಲು ಮಣಿಕಟ್ಟು ನೋಡಿಕೊಂಡೆ. ಗಾಢ ನಿದ್ದೆ 38 ನಿಮಿಷ ಎಂದಿತ್ತು ಸ್ಮಾರ್ಟ್‌ವಾಚು. ಹಗುರಾಗಿ ಎದ್ದವನಿಗೆ ಅದನ್ನು ಓದಿದ ಮೇಲೆ ಸುಸ್ತೆನಿಸಿತು. 'ಸರಿಯಾಗಿ ಬರಲಿಲ್ಲಮ್ಮ' ಎಂದೆ.

ಅಂದಿನಿಂದ ಈ ವರದಿಯನ್ನು ಒಂದು ಕಥನವಾಗಿ ಓದತೊಡಗಿದ್ದೇನೆ. ಇದರ ನಿರೂಪಕನನ್ನು ಎಷ್ಟು ನಂಬಬಹುದು? ಪ್ರಯೋಗಾಲಯದಲ್ಲಿ ನಿದ್ದೆಯ ಹಂತಗಳನ್ನು ಗುರುತಿಸುವುದು ಮಿದುಳಿನ ಅಲೆ, ಕಣ್ಣಿನ ಚಲನೆ, ಗದ್ದದ ಸ್ನಾಯುವಿನ ಬಿಗಿತ ನೋಡಿ. ವಾಚಿಗೆ ಸಿಗುವುದು ಮುಖ್ಯವಾಗಿ ಕೈಯ ಅಲುಗಾಟ ಮತ್ತು ನಾಡಿಮಿಡಿತ. ಹಂತಗಳೆಲ್ಲ ಅದರಿಂದ ಕಟ್ಟಿದ ಊಹೆ. ಆದರೂ ಅದರ ಭಾಷೆಯಲ್ಲಿ 'ಬಹುಶಃ' ಎಂಬ ಪದವೇ ಇಲ್ಲ. ನನ್ನ ತಕರಾರು ಈ ಶೈಲಿಯ ಬಗ್ಗೆ.

ಒಳ್ಳೆಯ ಅಂಕಿಗಳಿಗಾಗಿ ಚಡಪಡಿಸಿ ನಿದ್ದೆಗೆಡುವುದನ್ನು 2017ರಲ್ಲಿ ಸಂಶೋಧಕರು 'ಆರ್ಥೋಸಾಮ್ನಿಯಾ' ಎಂದು ಕರೆದರು. ನಿದ್ದೆಯ ಹಳೆಯ ವಿಂಗಡಣೆಯೊಂದು ನೆನಪಾಗುತ್ತದೆ: ಮಾಂಡೂಕ್ಯ ಉಪನಿಷತ್ತು ಎಚ್ಚರ, ಕನಸು, ಸುಷುಪ್ತಿಗಳ ಜೊತೆಗೆ ಅವುಗಳನ್ನು ಅನುಭವಿಸುವವನನ್ನೂ ಹೆಸರಿಸುತ್ತದೆ. ವಾಚಿನ ಕಥನದಲ್ಲಿ ಅವನೇ ಇಲ್ಲ.

ವಾಚನ್ನು ಬಿಸಾಡಿಲ್ಲ. ಎಷ್ಟು ಹೊತ್ತಿಗೆ ಮಲಗಿದೆ ಎಂಬ ವಿಷಯದಲ್ಲಿ ಅದು ನನಗಿಂತ ಪ್ರಾಮಾಣಿಕ. ಈಗ ಅಮ್ಮನಿಗೆ ಉತ್ತರಿಸಿದ ಮೇಲಷ್ಟೇ ಅದನ್ನು ನೋಡುತ್ತೇನೆ.