ಟನ್ನಿನ ಲೆಕ್ಕ ಮತ್ತು ಕೆರೆಯ ಲೆಕ್ಕ: ತೆಂಗಿನ ಸೀಮೆಯ ಗಣಿನೀತಿಯ ವಿಮರ್ಶೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನೊಳಗೊಂಡ ತೆಂಗಿನ ಸೀಮೆಯು ಮಳೆ ಹೆಚ್ಚಿರುವ ನಾಡಲ್ಲ. ಇಲ್ಲಿಯ ತೋಟಗಳಿಗೆ ಕೆರೆಯ ತೇವವೂ ಬಾವಿಯ ಒರತೆಯೂ ಬಹುಕಾಲದಿಂದ ಆಧಾರವಾಗಿವೆ. ಕೊಳವೆಬಾವಿ ಮತ್ತು ಹೇಮಾವತಿಯ ನಾಲೆ ಈಚಿನವು. ಇದೇ ಸೀಮೆಯ ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರುಗಳಿವೆ. ಗುಡ್ಡದ ಮೇಲೆ ಸುರಿದ ಮಳೆಯೇ ಹಳ್ಳವಾಗಿ ಹರಿದು ತಪ್ಪಲಿನ ಕೆರೆಗಳನ್ನು ತುಂಬತಕ್ಕದ್ದು. ಆದುದರಿಂದ ಗುಡ್ಡ ಮತ್ತು ತೋಟ ಇವೆರಡೂ ಒಂದೇ ವ್ಯವಸ್ಥೆಯ ಎರಡು ಅಂಗಗಳೆಂದು ನಾವು ತಿಳಿಯುತ್ತೇವೆ. ಆಡಳಿತದ ಬರೆಹಗಳು ಮಾತ್ರ ಇವನ್ನು ಹಾಗೆ ಕಂಡುದು ವಿರಳ.

1800ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇಲ್ಲಿಯ ತೆಂಗು ಅಡಕೆಗಳ ತೋಟಗಾರಿಕೆಯನ್ನು ವಿವರವಾಗಿ ವರ್ಣಿಸಿರುವನು. ಕಬ್ಬಿಣದ ಕಲ್ಲನ್ನು ಅಗೆದು ಕರಗಿಸುವ ಕಸುಬನ್ನೂ ಬಿಟ್ಟಿಲ್ಲ. ಆದರೆ ಅವನಿಗೆ ಎರಡೂ ಹುಟ್ಟುವಳಿಯ ಬಾಬುಗಳು ಮಾತ್ರ. ಅನಂತರ ಬಂದ ರೈಸ್ ಅವರ ಮೈಸೂರು ಗ್ಯಾಸೆಟಿಯರಿನಲ್ಲಿ ಭೂವಿಜ್ಞಾನವು ಒಂದು ಪ್ರಕರಣ, ವ್ಯವಸಾಯವು ಇನ್ನೊಂದು. ಗ್ರಂಥದ ಅನುಕೂಲಕ್ಕಾಗಿ ಮಾಡಿಕೊಂಡ ಇಂತಹ ವಿಭಾಗವು ಇಲಾಖೆಗಳ ವಿಭಾಗವಾಗಿ ಇಂದಿಗೂ ಉಳಿದುಬಂದಿದೆಯೆಂಬುದೇ ನಮ್ಮ ಆಕ್ಷೇಪ.

1972ರ ಸ್ಟಾಕ್‌ಹೋಮ್ ಸಮ್ಮೇಳನದ ತರುವಾಯ ಭಾರತದಲ್ಲಿ 1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆಯೂ, ಭೋಪಾಲದ ದುರಂತದ ಬಳಿಕ 1986ರ ಪರಿಸರ ಸಂರಕ್ಷಣಾ ಕಾಯಿದೆಯೂ ಬಂದವು. ಕಾರ್ಖಾನೆಯ ಕೊಳವೆಯ ಬಾಯಿಯಲ್ಲಿ ಹೊಲಸನ್ನು ಅಳೆಯಬಹುದು. ಅಗೆದ ಗುಡ್ಡದಿಂದ ಇಳಿಯುವ ಮಳೆನೀರಿಗೆ ಅಂತಹ ಒಂದು ಬಾಯಿಯಿಲ್ಲ. ಅದು ತಂದ ಮಣ್ಣು ಕೆರೆಯ ಅಂಗಳದಲ್ಲಿ ಹೂಳಾಗಿ ನಿಲ್ಲುವುದು. ಕೆರೆಯ ಹಿಡಿತ ಕುಗ್ಗಿದಂತೆ ಸುತ್ತಣ ಬಾವಿಗಳ ಒರತೆಯೂ ಕುಗ್ಗುವುದು.

ಸರ್ವೋಚ್ಚ ನ್ಯಾಯಾಲಯವು ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ 2011ರ ಜುಲೈ 29ರಂದು ಬಳ್ಳಾರಿಯಲ್ಲಿಯೂ, ಆಗಸ್ಟ್ 26ರಂದು ಚಿತ್ರದುರ್ಗ ತುಮಕೂರು ಜಿಲ್ಲೆಗಳಲ್ಲಿಯೂ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪು ಗುತ್ತಿಗೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದುದನ್ನು ಅಂಗೀಕರಿಸಿತು. ಅತ್ಯಂತ ಅಕ್ರಮವಾದವುಗಳನ್ನು ರದ್ದುಪಡಿಸಿತು. ಉಳಿದವುಗಳಿಗೆ ಪುನರುಜ್ಜೀವನದ ಯೋಜನೆಯನ್ನು ಕಡ್ಡಾಯ ಮಾಡಿತು. ಮಣ್ಣು ತಡೆಯುವ ಗೋಡೆ, ಒಡ್ಡುಗಳು ಆ ಯೋಜನೆಯಲ್ಲಿ ಸೇರಿವೆ. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಮುಂದಿನ ಪೀಳಿಗೆಗೂ ಅದಿರು ಉಳಿಯಬೇಕೆಂಬ ತತ್ತ್ವವು ಶ್ಲಾಘ್ಯವಾದುದು.

ಆದರೆ ಆ ತತ್ತ್ವಕ್ಕೆ ದೊರೆತ ಅಳತೆಗೋಲು ಟನ್ನು. ಚಿತ್ರದುರ್ಗ ಮತ್ತು ತುಮಕೂರು ಎರಡಕ್ಕೂ ಸೇರಿಸಿ ವರ್ಷಕ್ಕೆ 50 ಲಕ್ಷ ಟನ್ನಿನ ಮಿತಿಯನ್ನು ಗೊತ್ತುಮಾಡಲಾಯಿತು. 2017ರಲ್ಲಿ ಅದು 70 ಲಕ್ಷವಾಯಿತು. 2022ರ ಆಗಸ್ಟಿನಲ್ಲಿ 150 ಲಕ್ಷವಾಯಿತು. ಒಂಬತ್ತು ವರ್ಷಗಳಲ್ಲಿ ಮಿತಿಯು ಮೂರುಪಟ್ಟು ಬೆಳೆಯಿತು. ನಾಟಿ ತೆಂಗಿನ ಸಸಿಯು ಫಲಕ್ಕೆ ಬರುವುದಕ್ಕೇ ಆರೇಳು ವರ್ಷ ಬೇಕು. ಬಳಿಕ ಅದು ಅರುವತ್ತು ವರ್ಷಕ್ಕೂ ಮಿಗಿಲಾಗಿ ಕಾಯಿ ಕೊಡಬಲ್ಲುದು. ಸಸಿ ನೆಡುವ ರೈತನು ಮೊಮ್ಮಕ್ಕಳ ಕಾಲದ ನೀರನ್ನು ನಂಬಿ ನೆಡುತ್ತಾನೆ. ಪೀಳಿಗೆಗಳ ನ್ಯಾಯವನ್ನು ನುಡಿಯುವ ನೀತಿಯು ಅದಿರಿನ ಉಳಿವನ್ನು ಎಣಿಸಿ ಈ ನೀರನ್ನು ಎಣಿಸದಿರುವುದು ಅಪೂರ್ಣವೇ ಸರಿ.

ಕಬ್ಬಿಣವಿಲ್ಲದೆ ಕೈಗಾರಿಕೆಯಿಲ್ಲ, ಕೈಗಾರಿಕೆಯಿಲ್ಲದೆ ದೇಶದ ಬಡತನ ನೀಗದು ಎಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಕಟ್ಟಿದ ನಾಡು ಹಾಗೆ ಹೇಳಲಾರದು. ಆದರೆ ಕೊಬ್ಬರಿಯೂ ಒಂದು ಉದ್ಯಮವೇ. ವರ್ಷದ ಬಹುಭಾಗ ಅಟ್ಟದ ಮೇಲೆ ಒಣಗಿ ತಿಪಟೂರಿನ ಮಾರುಕಟ್ಟೆಗೆ ಬರುವ ಕಾಯಿಯ ಹಿಂದೆ ಸುಲಿಯುವವರು, ನಾರು ತೆಗೆಯುವವರು, ಗಾಡಿಯವರು ಮೊದಲಾಗಿ ಅಸಂಖ್ಯ ಜನರ ದುಡಿಮೆಯಿದೆ. ಒಂದು ಉದ್ಯಮದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಾಣದಂತೆ ಮಾಡುವುದು ಸರಿಯಾದ ಅರ್ಥಶಾಸ್ತ್ರವಲ್ಲ.

ಆದಕಾರಣ ಗುತ್ತಿಗೆಯ ಎಲ್ಲೆಯ ಬದಲು ಕೆರೆಯ ಜಲಾನಯನವು ಪರಿಶೀಲನೆಯ ಘಟಕವಾಗಬೇಕು. ಗಣಿಯ ಕೆಳಗಿನ ಪ್ರತಿಯೊಂದು ಕೆರೆಯ ಹೂಳು, ಕೋಡಿ ಬಿದ್ದ ವರ್ಷಗಳು, ಅಚ್ಚುಕಟ್ಟಿನ ಬಾವಿಗಳ ನೀರಿನ ಮಟ್ಟ ಇವುಗಳ ಲೆಕ್ಕವನ್ನು ವರ್ಷವರ್ಷವೂ ಗ್ರಾಮಪಂಚಾಯತಿಯ ಮುಂದಿಡತಕ್ಕದ್ದು. ಆ ಲೆಕ್ಕವನ್ನು ನೋಡದೆ ಅದಿರಿನ ಮಿತಿಯನ್ನು ಏರಿಸುವುದು ನ್ಯಾಯವಾಗದೆಂದು ನಮ್ಮ ಅಭಿಪ್ರಾಯ.